ಮಾತು ಬಿಡುವ ಮುನ್ನ



ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಊಟದ ವಿಷಯವನ್ನು ಅಡುಗೆಮನೆಯಲ್ಲಿರುವ ಸ್ವಯಂಸೇವಕರಿಗೆ ಬಿಟ್ಟು, ಜಗಳದ ಬಗ್ಗೆ ನಾಲ್ಕು ಮಾತು ಆಡೋಣ.

ನಮ್ಮಲ್ಲಿ ಜಗಳಕ್ಕಿಂತ ಕೆಟ್ಟದ್ದು ಅದರ ಬೆನ್ನಿಗೆ ಬರುವ ‘ಮಾತು ಬಿಡುವುದು’. ಊರಿನ ಆಸ್ತಿ ಪಾಲಾಗುವಾಗ ಮುನಿಸಿಕೊಂಡ ಅಣ್ಣತಮ್ಮಂದಿರು ವರ್ಷಗಟ್ಟಲೆ ಫೋನ್ ಎತ್ತುವುದಿಲ್ಲ. ಸಮಿತಿಯಲ್ಲಿ ಒಂದು ಮಾತು ಹೆಚ್ಚುಕಡಿಮೆಯಾದರೆ ಎರಡು ಮನೆಯವರು ಯುಗಾದಿಗೂ ಬರುವುದಿಲ್ಲ; ಮಕ್ಕಳ ಗೆಳೆತನವೂ ಅಲ್ಲಿಗೇ ನಿಲ್ಲುತ್ತದೆ.

ಯಹೂದಿಗಳು ವಾದವನ್ನೇ ಧರ್ಮಸಾಧನೆ ಮಾಡಿಕೊಂಡವರು. ಸುಮಾರು 2000 ವರ್ಷಗಳ ಹಿಂದೆ ಹಿಲೆಲ್ ಮತ್ತು ಶಮ್ಮಾಯ್ ಎಂಬ ಗುರುಗಳ ಶಿಷ್ಯರು ಆಚಾರ ವಿಚಾರಗಳ ಬಗ್ಗೆ ಬಿಡದೆ ವಾದಿಸಿದರು. ಎರಡೂ ಕಡೆಯದು ದೇವರ ಮಾತೇ, ಆದರೆ ಆಚರಣೆಗೆ ಹಿಲೆಲ್ ಕಡೆಯವರ ತೀರ್ಪು ಎಂದು ಅಶರೀರವಾಣಿ ಆಯಿತಂತೆ. ಕಾರಣವನ್ನೂ ತಾಲ್ಮುದ್ ಹೇಳುತ್ತದೆ: ಅವರು ಸೌಮ್ಯರು, ಎದುರಾಳಿಯ ಅಭಿಪ್ರಾಯವನ್ನು ತಮ್ಮದಕ್ಕಿಂತ ಮೊದಲು ಹೇಳುತ್ತಿದ್ದರು. ಮದುವೆಯ ನಿಯಮಗಳಲ್ಲೇ ಭಿನ್ನಮತವಿದ್ದರೂ ಎರಡೂ ಕಡೆಯವರು ಹೆಣ್ಣು ಕೊಟ್ಟು ತರುವುದನ್ನು ನಿಲ್ಲಿಸಲಿಲ್ಲ. ನಮಗೆ ಬಹಳ ಹಿಡಿಸಿದ್ದು ಇದೇ.

ಝೆನ್ ಎಂಬ ಹೆಸರು ನಮ್ಮ ‘ಧ್ಯಾನ’ದಿಂದಲೇ ಬಂದದ್ದು, ಚೀನಾದಲ್ಲಿ ಚಾನ್ ಆಗಿ, ಜಪಾನಿನಲ್ಲಿ ಝೆನ್ ಆಯಿತು. ಸಿಟ್ಟು ಬಂದಾಗ ಅದನ್ನು ಅದುಮದೆ, ಕಾರಿಕೊಳ್ಳದೆ, ಉಸಿರಾಟವನ್ನು ಗಮನಿಸುತ್ತಾ ಸುಮ್ಮನೆ ಕೂರುವುದು ಅಲ್ಲಿಯ ಸಾಧನೆ. ಇದು ನಾವು ಮಾತು ಬಿಟ್ಟಾಗಿನ ಮೌನವಲ್ಲ. ನಮ್ಮ ಮೌನದಲ್ಲಿ ಸಿಟ್ಟು ಒಳಗೊಳಗೇ ಕುದಿಯುತ್ತಿರುತ್ತದೆ. ವಿಯೆಟ್ನಾಮಿನ ಝೆನ್ ಗುರು ಥಿಕ್ ನಾತ್ ಹಾನ್ (1926–2022) ಫ್ರಾನ್ಸಿನ ತಮ್ಮ ಪ್ಲಮ್ ವಿಲೇಜ್ ಆಶ್ರಮದಲ್ಲಿ ಮೌನಕ್ಕೊಂದು ಗಡುವನ್ನೇ ಇಟ್ಟಿದ್ದರು. ಸಿಟ್ಟಿನಲ್ಲಿ ಏನೂ ಆಡಬೇಡಿ, ಆದರೆ ನೋವಾಗಿದೆ ಎಂಬುದನ್ನು 24 ಗಂಟೆಯೊಳಗೆ ತಿಳಿಸಿ, ಶುಕ್ರವಾರ ಸಂಜೆ ಕೂತು ಮಾತಾಡಿ, ಆಗ ವಾರದ ರಜೆ ಹಾಳಾಗದು ಎಂದರು. ಯಹೂದಿಗಳ ಮನೆಗಳಲ್ಲಿ ಸಬ್ಬತ್ ದೀಪ ಬೆಳಗುವುದೂ ಶುಕ್ರವಾರ ಸಂಜೆಯೇ!

ಯೋಮ್ ಕಿಪ್ಪುರ್ ದಿನ ಯಹೂದಿಗಳು ಉಪವಾಸವಿದ್ದು ದೇವರ ಕ್ಷಮೆ ಬೇಡುತ್ತಾರೆ. ಆದರೆ ಮನುಷ್ಯರಿಗೆ ಮಾಡಿದ ತಪ್ಪು ಅವರನ್ನು ಸಮಾಧಾನಪಡಿಸುವ ತನಕ ಉಪವಾಸದಿಂದ ಕಳೆಯುವುದಿಲ್ಲ. ಅವರು ಒಪ್ಪದಿದ್ದರೆ ಮೂರು ಸಲ ಹೋಗಿ ಕೇಳಬೇಕೆಂಬ ನಿಯಮವಿದೆ. ನಾವಾದರೋ ‘ಮೊದಲು ನಾವೇ ಏಕೆ ಹೋಗಬೇಕು?’ ಎಂಬಲ್ಲೇ ನಿಂತುಬಿಡುತ್ತೇವೆ. ಇಂದು ಯಾರಾದರೂ ಊರಿಗೆ ಅಂಥ ಫೋನ್ ಮಾಡುವುದಿದ್ದರೆ, ಅಲ್ಲಿಯವರು ಮಲಗುವ ಹೊತ್ತು ಮಾತ್ರ ನೋಡಿಕೊಳ್ಳಿ.