ಅಡುಗೆಮನೆಯ ಕಸ ಮತ್ತು ಬಂದೆಯ ಹಕ್ಕು

(ದುರ್ಗದಬೈಲ್‌ನ ಮಸೀದಿಯೊಂದರಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಕಳೆದ ರಮಝಾನಿನ ಒಂದು ಬೆಳಗಿನ ಸಂಗತಿಯಿಂದ ಇಂದಿನ ಮಾತನ್ನು ಆರಂಭಿಸುತ್ತೇವೆ. ಫಜ್ರ್ ನಮಾಝ್ ಮುಗಿಸಿ ಹೊರಗೆ ಬಂದೆವು. ಹಿಂದಿನ ಸಂಜೆಯ ಇಫ್ತಾರಿನ ಕಸದ ಚೀಲಗಳನ್ನು ನಾಯಿಗಳು ಹರಿದು ಹಾಕಿದ್ದವು. ಕಲ್ಲಂಗಡಿ ಸಿಪ್ಪೆ, ಖರ್ಜೂರದ ಬೀಜ, ತಿಂದು ಬಿಟ್ಟ ಬಿರಿಯಾನಿ, ಪ್ಲಾಸ್ಟಿಕ್ ಲೋಟ ಎಲ್ಲವೂ ಗಟಾರದವರೆಗೆ ಹರಡಿತ್ತು. ಪೌರಕಾರ್ಮಿಕ ಮಹಿಳೆಯೊಬ್ಬರು ಬಗ್ಗಿ ಅದನ್ನು ಬಾಚುತ್ತಿದ್ದರು. ಸಿಪ್ಪೆಗಳ ನಡುವೆ ಒಡೆದ ಶರಬತ್ ಗ್ಲಾಸಿನ ಚೂರಿತ್ತು. ಅವರ ಅಂಗೈ ಕೊಯ್ದು ರಕ್ತ ಸುರಿಯುತ್ತಿತ್ತು. ನೀರು, ಬಟ್ಟೆ ತಂದುಕೊಟ್ಟು, "ತಪ್ಪಾತು ಅಕ್ಕಾರ, ಮಾಫ್ ಮಾಡ್ರಿ" ಎಂದೆವು. "ಇರ್ಲಿ ಬಿಡ್ರಿ ಸಾಹೇಬ್ರ, ದಿನಾ ಇದ್ದದ್ದ ಐತಿ" ಎಂದು ಅವರು ಬಟ್ಟೆ ಸುತ್ತಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದರು.

"ದಿನಾ ಇದ್ದದ್ದು" ಎಂಬ ಆ ಮಾತು ನಮ್ಮನ್ನು ಬಿಡಲಿಲ್ಲ. ಹಿಂದಿನ ಶುಕ್ರವಾರವಷ್ಟೇ ಇದೇ ಮಿಂಬರಿನಿಂದ ರೋಝಾದ ಪ್ರತಿಫಲದ ಬಗ್ಗೆ ಗಟ್ಟಿಯಾಗಿ ಮಾತಾಡಿದ್ದೆವು.

ಮುಸ್ಲಿಮ್ ಗ್ರಂಥದಲ್ಲಿರುವ ದಿವಾಳಿಯ ಹದೀಸ್ ನಿಮಗೆಲ್ಲ ಗೊತ್ತು. ಖಿಯಾಮತ್‌ನ ದಿನ ಒಬ್ಬನು ನಮಾಝ್, ರೋಝಾ, ಝಕಾತ್ ಎಲ್ಲವನ್ನೂ ಹೊತ್ತು ಬರುತ್ತಾನೆ. ಆದರೆ ಯಾರನ್ನೋ ಬೈದಿರುತ್ತಾನೆ, ಯಾರದೋ ರಕ್ತ ಹರಿಸಿರುತ್ತಾನೆ. ಅವನ ಪುಣ್ಯವೆಲ್ಲ ಅವರಿಗೆ ಹಂಚಿಹೋಗುತ್ತದೆ. ಅಲ್ಲಾಹನ ಹಕ್ಕಿನಲ್ಲಿ ತಪ್ಪಿದರೆ ತೌಬಾ ಇದೆ. ಬಂದೆಯ ಹಕ್ಕಿನಲ್ಲಿ ತಪ್ಪಿದರೆ ಆ ಬಂದೆಯೇ ಕ್ಷಮಿಸಬೇಕು. ರಕ್ತ ಹರಿಸುವುದೆಂದರೆ ಕತ್ತಿ ಹಿಡಿಯುವುದೆಂದೇ ನಾವು ತಿಳಿದಿದ್ದೇವೆ. ಚೀಲದೊಳಗೆ ಗ್ಲಾಸಿನ ಚೂರು ಹಾಕಿ ಗಂಟು ಕಟ್ಟಿ ಓಣಿಯ ಮೂಲೆಗೆ ಎಸೆದವನು ಏನು ಮಾಡಿದ ಹಾಗಾಯಿತು? ಆ ತಾಯಿಯ ಧರ್ಮ ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಓಣಿಗಳಿಂದ ಎತ್ತಿದ ಕಸ ಎಲ್ಲಿಗೆ ಹೋಗುತ್ತದೆ? ಎಷ್ಟೋ ವರ್ಷ ಹುಬ್ಬಳ್ಳಿಯ ಕಸ ಕಾರವಾರ ರಸ್ತೆಯ ಗುಡ್ಡೆಗೆ, ಧಾರವಾಡದ್ದು ಹೊಸಯಲ್ಲಾಪುರದ ಗುಡ್ಡೆಗೆ ಬಿದ್ದಿದೆ. ಹಸಿ ಕಸ ಗಾಳಿಯಿಲ್ಲದೆ ಒಳಗೇ ಕೊಳೆತರೆ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬೆಂಕಿ ತಗಲಿದರೆ ಬೇಗ ಆರುವುದಿಲ್ಲ. ಕಾರವಾರ ರಸ್ತೆಯ ಕಡೆ ಮನೆ ಇರುವವರನ್ನು ಕೇಳಿರಿ, ಬೇಸಿಗೆಯಲ್ಲಿ ಆ ಹೊಗೆ ಎಂಥದ್ದೆಂದು ಹೇಳುತ್ತಾರೆ. ಹಸಿ ಕಸ, ಒಣ ಕಸ, ಅಪಾಯದ ಕಸ ಮೂರನ್ನೂ ಬೇರೆ ಬೇರೆ ಕೊಡಬೇಕೆಂದು ಸರಕಾರ 2016ರಲ್ಲೇ ನಿಯಮ ಮಾಡಿತು. ನಾವು ಒಂದೇ ಚೀಲಕ್ಕೆ ತುಂಬಿ "ಗಾಡಿಯವರು ನೋಡ್ಕೋತಾರ" ಎಂದೆವು. ದಾರಿಯ ಮುಳ್ಳನ್ನು ತೆಗೆಯುವುದು ಈಮಾನಿನ ಶಾಖೆ ಎಂದು ಮಕ್ಕಳಿಗೆ ಮದ್ರಸಾದಲ್ಲಿ ಕಲಿಸುತ್ತೇವೆ. ದಾರಿಗೆ ಮುಳ್ಳು ಎಸೆಯುವವರು ನಾವೇ.

ಈದ್ ಮುಗಿದ ಮೇಲೆ ಮಸೀದಿಯ ಮಾಳಿಗೆಯಲ್ಲಿ ಎರಡು ಹಳೆಯ ಡ್ರಮ್ ಇಟ್ಟೆವು. ಕಮಿಟಿಯ ಹಿರಿಯರೊಬ್ಬರು, "ಹಜರತ್, ಮಸೀದಿ ಮಾಳಿಗಿ ಮ್ಯಾಲೆ ತಿಪ್ಪಿ ಮಾಡಾಕತ್ತೀರೇನ್ರಿ?" ಎಂದು ಕೇಳಿದರು. ಹೌದು, ತಿಪ್ಪೆಯೇ. ನಮ್ಮ ಅಜ್ಜಂದಿರ ಹಳ್ಳಿಮನೆಯ ಹಿಂದೆ ತಿಪ್ಪೆ ಇತ್ತು, ಅದರ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು. ಪೇಟೆಗೆ ಬಂದ ಮೇಲೆ ತಿಪ್ಪೆ ಎಂಬುದು ಬೈಗುಳವಾಯಿತು.

ಆದರೆ ಹಿರಿಯರ ಸಿಟ್ಟಿಗೂ ಕಾರಣವಿತ್ತು. ಮೊದಲ ಸಲ ನಮ್ಮ ಕೆಲಸ ಕೆಟ್ಟಿತು. ಬರೀ ಸಿಪ್ಪೆ ತುಂಬಿ ಮುಚ್ಚಳ ಬಿಗಿದಿದ್ದೆವು. ವಾರದೊಳಗೆ ದುರ್ನಾತ, ಬಿಳಿ ಹುಳ, ಕೆಳಗೆ ಕಪ್ಪು ನೀರು. ಓದಿ, ಕೇಳಿ, ತಪ್ಪು ಎಲ್ಲಿ ಎಂದು ತಿಳಿಯಿತು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ಆಹಾರದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಬೇಕು. ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಇಂಗಾಲ ಇರುವುದು ಒಣಗಿದ್ದರಲ್ಲಿ. ಲೆಕ್ಕ ಬೇಡ ಎನ್ನುವವರು ಹೀಗೆ ಮಾಡಿರಿ: ಒಂದು ಬೊಗಸೆ ಹಸಿ ಕಸಕ್ಕೆ ಎರಡು ಬೊಗಸೆ ಒಣ ಎಲೆ, ಹರಿದ ರಟ್ಟು ಅಥವಾ ಬಡಗಿಯ ಅಂಗಡಿಯ ಮರದ ಪುಡಿ. ಡ್ರಮ್ಮಿನ ಸುತ್ತಲೂ ತೂತು ಇರಲಿ. ಆರಂಭಕ್ಕೆ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಹುಳಿ ಮಜ್ಜಿಗೆ ಹಾಕಿರಿ. ವಾರಕ್ಕೊಮ್ಮೆ ಕೋಲಿನಿಂದ ತಿರುವಿರಿ. ಒಂದು ಮುಷ್ಟಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಎಲುಬು, ಮಾಂಸ, ಮೀನು, ಎಣ್ಣೆಯ ಅಡುಗೆ ಬೇಡವೇ ಬೇಡ, ಇಲಿ ಬರುತ್ತವೆ. ಎರಡು ಮೂರು ತಿಂಗಳಲ್ಲಿ ಅದು ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ಮಣ್ಣಿನಂತೆ ಘಮ್ಮೆನ್ನುತ್ತದೆ. ಸಿಟ್ಟಾಗಿದ್ದ ಆ ಹಿರಿಯರೇ ಮೊದಲ ಚೀಲ ಮನೆಗೆ ಒಯ್ದರು.

ತಿಂದುಳಿದ ಅನ್ನ, ರೊಟ್ಟಿ ಏನು ಮಾಡುವುದು ಎಂದು ಹಲವರು ಕೇಳಿದ್ದಾರೆ. ಡ್ರಮ್ ಇದೆ ಎಂದು ಅನ್ನ ಕೆಡಿಸುವುದು ಇಸ್ರಾಫ್‌ನ ಇನ್ನೊಂದು ದಾರಿ, ಅಷ್ಟೇ. ಕೆಳಗೆ ಬಿದ್ದ ತುತ್ತನ್ನೂ ಒರೆಸಿ ತಿನ್ನಲು ಕಲಿಸಿದ ಪ್ರವಾದಿ(ಸ)ಯ ಉಮ್ಮತ್ ನಾವು. ತಿನ್ನುವಷ್ಟೇ ಬಡಿಸಿರಿ, ಉಳಿದದ್ದನ್ನು ಹಸಿದವರಿಗೆ, ಆಮೇಲೆ ಕೋಳಿ-ಆಡಿಗೆ ಕೊಡಿರಿ. ನಿಜವಾಗಿ ಕೆಟ್ಟದ್ದು ಸ್ವಲ್ಪವಿದ್ದರೆ ಮಾತ್ರ ಡ್ರಮ್ಮಿಗೆ.

ಇನ್ನೊಂದು ಪ್ರಶ್ನೆ: ಗೊಬ್ಬರ ಮುಟ್ಟಿದರೆ ವುಝೂ ಮುರಿಯುತ್ತದೆಯೇ? ಇಲ್ಲ. ಮುಟ್ಟಿದ ಮಾತ್ರಕ್ಕೆ ವುಝೂ ಹೋಗುವುದಿಲ್ಲ. ತರಕಾರಿ ಸಿಪ್ಪೆಯ ಗೊಬ್ಬರ ಪಾಕ್. ಸಗಣಿ ಬೆರೆತಿದ್ದರೆ ಕೈ, ಬಟ್ಟೆ ತೊಳೆದು ನಮಾಝಿಗೆ ನಿಲ್ಲಿರಿ. ಸಗಣಿಯನ್ನು ಗೊಬ್ಬರಕ್ಕೆಂದು ಬಳಸುವುದು, ಮಾರುವುದು ಎರಡನ್ನೂ ಹನಫಿ ಫಿಕ್ಹ್ ಅನುಮತಿಸಿದೆ. ಅದರಲ್ಲಿ ಬೆಳೆದ ಪಲ್ಲೆ ಹಲಾಲ್, ತೊಳೆದು ತಿನ್ನಿರಿ. ಸುಮಾರು 800 ವರ್ಷಗಳ ಹಿಂದೆ ಸೆವಿಲ್ಲೆಯ ಇಬ್ನುಲ್ ಅವ್ವಾಮ್ ಕೃಷಿಯ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಗೊಬ್ಬರಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ನಮ್ಮ ಉಲಮಾಗಳಿಗೆ ಮಣ್ಣು ಹೊಲಸಾಗಿ ಕಂಡಿರಲಿಲ್ಲ.

ಈಗ ಮದೀನಾದ ಒಬ್ಬ ಹೆಣ್ಣುಮಗಳ ಮಾತು. ಸಹ್ಲ್ ಬಿನ್ ಸಅದ್(ರ) ಹೇಳಿದ್ದನ್ನು ಬುಖಾರಿ ದಾಖಲಿಸಿದ್ದಾರೆ. ಆಕೆ ತನ್ನ ಹೊಲದ ನೀರಿನ ಕಾಲುವೆಯ ಬದುವಿನಲ್ಲಿ ಸಿಲ್ಕ್ ಎಂಬ, ಬೀಟ್‌ರೂಟ್ ಜಾತಿಯ ಪಲ್ಲೆ ಬೆಳೆಯುತ್ತಿದ್ದರು. ಜುಮಾ ಬಂತೆಂದರೆ ಅದರ ಬೇರುಗಳನ್ನು ಕಿತ್ತು ಪಾತ್ರೆಗೆ ಹಾಕಿ, ಒಂದು ಹಿಡಿ ಜವೆಗೋಧಿಯ ಹಿಟ್ಟು ಸೇರಿಸಿ ಬೇಯಿಸುತ್ತಿದ್ದರು. ಸಹಾಬಿಗಳು ಜುಮಾ ನಮಾಝ್ ಮುಗಿಸಿ ಆಕೆಯ ಮನೆಗೆ ಹೋಗಿ ಸಲಾಮ್ ಹೇಳಿ ಅದನ್ನು ತಿನ್ನುತ್ತಿದ್ದರು. ಆ ಊಟಕ್ಕಾಗಿ ಶುಕ್ರವಾರ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದರಂತೆ. ಮಾಂಸವಿಲ್ಲ, ತುಪ್ಪವಿಲ್ಲ. ಕಾಲುವೆಯ ಬದುವಿನ ಸೊಪ್ಪು. ಆಕೆಯ ಹೆಸರು ಆ ವರದಿಯಲ್ಲಿ ಇಲ್ಲ. ಆಕೆಯ ಪಲ್ಲೆ ಮಾತ್ರ 14 ಶತಮಾನ ದಾಟಿ ದುರ್ಗದಬೈಲ್‌ಗೆ ಬಂದಿದೆ.

"ನಮಗೆ ಹಿತ್ತಲೆಲ್ಲಿದೆ ಹಜರತ್?" ಎನ್ನುತ್ತೀರಿ. ಸರಿ, ಇಲ್ಲಿ ಮನೆಗೆ ಮನೆ ಅಂಟಿದೆ. ಆದರೆ ಮೆಂತ್ಯಕ್ಕೆ ಒಂದು ಗೇಣು ಆಳದ ಟಬ್ ಸಾಕು. ಅಡುಗೆಮನೆಯ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಸಿ ಬಿತ್ತಿರಿ, ತಿಂಗಳೊಳಗೆ ಕೊಯ್ಯಬಹುದು. ಕೊತ್ತಂಬರಿ ಬೀಜವನ್ನು ಒಡೆದು ಬಿತ್ತಬೇಕು. ರಾಜಗಿರಿ, ಪಾಲಕ, ಮೆಣಸಿನಗಿಡ ಮಾಳಿಗೆಯಲ್ಲಿ ಚೆನ್ನಾಗಿ ಬರುತ್ತವೆ. ನಮ್ಮ ಕಡೆಯ ಎರೆಮಣ್ಣು ಕುಂಡದಲ್ಲಿ ಕಲ್ಲಾಗುತ್ತದೆ, ಅದಕ್ಕೆ ಸಮ ಪಾಲು ಗೊಬ್ಬರ, ಸ್ವಲ್ಪ ಮರಳು ಬೆರೆಸಿರಿ. ಹಳೆಯ ಮೇಲ್ಮುದ್ದೆ ಮನೆಯವರು ಮಾಳಿಗೆಯ ಮೇಲೆ ಭಾರ ಹೇರಬೇಡಿ, ಒದ್ದೆ ಮಣ್ಣು ಬಹಳ ತೂಕ. ಮೆಟ್ಟಿಲ ಪಕ್ಕ, ಕಿಟಕಿಯ ಕೆಳಗೆ ಇಡಿರಿ. ನಲ್ಲಿ ನೀರು ಬರುವ ದಿನ ಎಣಿಸುವ ಊರು ನಮ್ಮದು. ಅಕ್ಕಿ, ಬೇಳೆ ತೊಳೆದ ನೀರು ಗಿಡಕ್ಕೆ ಸಾಕು. ವುಝೂ ಮಾಡಿದ ನೀರನ್ನೂ ಹಾಕಬಹುದು. ಪ್ರವಾದಿ(ಸ) ಒಂದು ಮುದ್ದ್, ಅಂದರೆ ಲೀಟರಿಗಿಂತ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂಬುದು ನಲ್ಲಿ ತಿರುಗಿಸುವಾಗ ನೆನಪಿರಲಿ. ಗಿಡದಿಂದ ಮನುಷ್ಯನೋ ಪಶುವೋ ಹಕ್ಕಿಯೋ ತಿಂದರೆ ನೆಟ್ಟವನಿಗೆ ಅದು ಸದಕಾ ಎಂಬ ಹದೀಸ್ ಇರುವಾಗ, ಗುಬ್ಬಿ ಬಂದು ಮೆಂತ್ಯದ ಮೊಳಕೆ ಕಿತ್ತರೆ ಮಕ್ಕಳು ಅಳಬೇಕಾಗಿಲ್ಲ. ನಮ್ಮ ಮನೆಯಲ್ಲಂತೂ ಅತ್ತರು.

ಬಕ್ರೀದ್‌ನ ಅವಶೇಷದ ವಿಷಯ ಬೇರೆ. ಅದು ಡ್ರಮ್ಮಿಗೂ ಅಲ್ಲ, ಗಟಾರಕ್ಕೂ ಅಲ್ಲ. ಪಾಲಿಕೆಯ ಗಾಡಿಗೆ ಪ್ರತ್ಯೇಕವಾಗಿಯೇ ಕೊಡಬೇಕು. ಆ ಬಗ್ಗೆ ಹಬ್ಬಕ್ಕೆ ಮುಂಚೆ ಮಾತಾಡೋಣ.

ಒಡೆದ ಗ್ಲಾಸು, ಬ್ಲೇಡುಗಳನ್ನು ಇಂದಿನಿಂದಲೇ ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ "ಗಾಜು" ಎಂದು ಬರೆದು ಗಾಡಿಯವರ ಕೈಗೆ ಹೇಳಿ ಕೊಡಿರಿ. ಇದಕ್ಕೆ ಡ್ರಮ್ ಬೇಕಾಗಿಲ್ಲ, ಮಾಳಿಗೆಯೂ ಬೇಕಾಗಿಲ್ಲ. ಬರುವ ಭಾನುವಾರ ಅಸ್ರ್ ನಮಾಝಿನ ನಂತರ ಮಾಳಿಗೆಯ ಎರಡನೇ ಡ್ರಮ್ ಖಾಲಿ ಮಾಡುತ್ತೇವೆ. ಬೇಕಾದವರು ಬಕೆಟ್ ತನ್ನಿರಿ, ಹಣವಿಲ್ಲ. ನಾವು ಕ್ಷಮೆ ಕೇಳಿದ ಆ ಅಕ್ಕನವರಿಗೂ ಒಂದು ಚೀಲ ತೆಗೆದಿಡಲು ಮುಅಝ್ಝಿನ್ ಸಾಹೇಬರಿಗೆ ಹೇಳಿದ್ದೇವೆ. ಅವರ ಮನೆಯ ಮುಂದೆ ಬದನೆ ಗಿಡವಿದೆಯಂತೆ.