ಡಬ್ಬಿಯ ಗುಳಿಗೆ, ಹೊಲದ ಪಲ್ಲೆ



ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಹಳ್ಳಿಗಳಲ್ಲಿ ಈಚೆಗೆ ಒಂದು ಶಬ್ದ ಓಡಾಡುತ್ತಿದೆ. ಅದು ಕನ್ನಡದ್ದೂ ಅಲ್ಲ, ಮರಾಠಿಯದೂ ಅಲ್ಲ. ‘ಆ್ಯಂಟಿಆಕ್ಸಿಡೆಂಟ್’. ಪರಿಚಯದ ಹುಡುಗನೊಬ್ಬ ಚೀಲ ಹಿಡಿದು ಮನೆಗೆ ಬರುತ್ತಾನೆ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಾನೆ, ಡಬ್ಬಿ ತೆಗೆದಿಡುತ್ತಾನೆ. “ಕಾಕಾ, ಇದನ್ನ ಮೂರು ತಿಂಗಳ ತಗೋರಿ. ಸಕ್ಕರಿ, ಬಿ.ಪಿ., ಹೊಟ್ಟಿ ಎಲ್ಲಾ ಇಳೀತಾವ. ದವಾಖಾನಿ ಗುಳಿಗಿ ಬಿಟ್ಟರೂ ನಡೀತದ” ಎನ್ನುತ್ತಾನೆ. ಪೆನ್ಶನ್ನಿನ ಹಣವೋ ತೊಗರಿ ಮಾರಿದ ಹಣವೋ ಆ ಚೀಲಕ್ಕೆ ಸೇರುತ್ತದೆ. ಹಣ ಹೋದರೆ ಹೋಗಲಿ, ಮುಂದೆ ಗಳಿಸಬಹುದು. ಅವನು ಆಡಿದ ಕೊನೆಯ ಮಾತು ಮಾತ್ರ ಜೀವಕ್ಕೆ ಎರವಾಗುವಂಥದು. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಆದ್ದರಿಂದ ಈ ಡಬ್ಬಿಯ ಜಮಾ-ಖರ್ಚನ್ನು ನೋಡೋಣ.

ಮೊದಲು ರೋಗದ ಮಾತು. ಹೊಟ್ಟೆಯ ಸುತ್ತ ಬೊಜ್ಜು, ಏರಿದ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಏರಿಕೆ, ಒಳ್ಳೆಯ ಕೊಲೆಸ್ಟ್ರಾಲಿನ ಇಳಿಕೆ. ಈ ಐದರಲ್ಲಿ ಮೂರು ಒಬ್ಬರಲ್ಲೇ ಕೂಡಿದರೆ ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಜೊತೆಜೊತೆಯಾಗಿಯೇ ಬರುತ್ತವೆ, ಬೇರಿನಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದೇ ಇದೆ ಎಂದು ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲಿ ವಿವರಿಸಿದರು. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಬಾರದು. ಧೋತರ ಮತ್ತು ನೆಹರೂ ಶರ್ಟಿನ ಒಳಗೆ ಎಷ್ಟು ಸೆಂಟಿಮೀಟರ್ ಅಡಗಿದೆ ಎಂಬುದು ದರ್ಜಿಯವನಿಗೇ ಗೊತ್ತು!

ಇನ್ನು ಆ್ಯಂಟಿಆಕ್ಸಿಡೆಂಟ್ ಎಂದರೇನು? ಶೇಂಗಾ ಎಣ್ಣೆಯನ್ನು ಬಹಳ ದಿನ ತೆರೆದಿಟ್ಟರೆ ಕಮಟು ಹಿಡಿಯುತ್ತದೆ. ಅದು ಗಾಳಿಯ ಆಮ್ಲಜನಕ ಮಾಡುವ ಕೆಲಸ. ಹೆಚ್ಚಿಟ್ಟ ಸೇಬು ಕಂದಾಗುವುದೂ ಹಾಗೆಯೇ. ಅದಕ್ಕೆ ನಿಂಬೆರಸ ಸವರಿದರೆ ಕಂದುವುದು ತಡವಾಗುತ್ತದೆ. ದೇಹದ ಒಳಗೂ ಇಂಥ ಕೆಡುಕು ನಡೆಯುತ್ತಿರುತ್ತದೆ. ಬೊಜ್ಜು, ಸಕ್ಕರೆ ಇದ್ದವರಲ್ಲಿ ಅದು ಹೆಚ್ಚು. ವಿಟಮಿನ್ ಸಿ, ವಿಟಮಿನ್ ಇ, ಗಜ್ಜರಿಯಲ್ಲಿರುವ ಬೀಟಾ ಕ್ಯಾರೋಟಿನ್ ಇದನ್ನು ತಡೆಯುತ್ತವೆ. ಇಲ್ಲಿಯವರೆಗೆ ಆ ಹುಡುಗ ಹೇಳುವುದು ಸುಳ್ಳಲ್ಲ. ಹಾಗಾದರೆ ಅದೇ ಸಾರವನ್ನು ಗುಳಿಗೆ ಮಾಡಿ ನುಂಗಿದರೆ ರೋಗ ವಾಸಿಯಾಗಬೇಕಲ್ಲ? ವಿಜ್ಞಾನಿಗಳೂ ಹೀಗೆಯೇ ಯೋಚಿಸಿದರು. ಆದರೆ ಅವರು ಪರೀಕ್ಷೆ ಮಾಡಿ ನೋಡಿದರು.

ಫ್ರಾನ್ಸಿನಲ್ಲಿ 1994ರಲ್ಲಿ ಆರಂಭವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ವಿಟಮಿನ್ ಸಿ, ಇ, ಬೀಟಾ ಕ್ಯಾರೋಟಿನ್, ಸೆಲೆನಿಯಮ್, ಸತು ಇವನ್ನೆಲ್ಲ ಕೂಡಿಸಿದ ಗುಳಿಗೆಯನ್ನು ಏಳೂವರೆ ವರ್ಷ ಕೊಟ್ಟರು. ಇನ್ನೊಂದು ಗುಂಪಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆ. 2009ರಲ್ಲಿ ಲೆಕ್ಕ ಹಾಕಿದಾಗ ಮೆಟಬಾಲಿಕ್ ಸಿಂಡ್ರೋಮ್ ಬರುವುದರಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಗಮನಿಸಬೇಕಾದ ಮಾತೊಂದಿದೆ. ಪರೀಕ್ಷೆಗೆ ಸೇರಿದ ದಿನವೇ ಯಾರ ರಕ್ತದಲ್ಲಿ ವಿಟಮಿನ್ ಸಿ ಮತ್ತು ಬೀಟಾ ಕ್ಯಾರೋಟಿನ್ ಹೆಚ್ಚಿತ್ತೋ ಅವರಿಗೆ ಮುಂದೆ ಈ ತೊಂದರೆ ಬಂದದ್ದು ಕಡಿಮೆ. ಅದು ಗುಳಿಗೆಯಿಂದ ಬಂದದ್ದಲ್ಲ, ಬಹುಮಟ್ಟಿಗೆ ಅವರವರ ಊಟದಿಂದ ಬಂದದ್ದು. ಸೊಪ್ಪಿನಲ್ಲಿ ನಾರಿದೆ, ಹೊಟ್ಟೆ ತುಂಬಿಸುವ ಗುಣವಿದೆ. ಡಬ್ಬಿಗೆ ಇಳಿಯುವುದು ಅದರ ಒಂದೆರಡು ಅಂಶ ಮಾತ್ರ.

ಲಾಭವಿಲ್ಲದಿದ್ದರೆ ನಷ್ಟವೂ ಇಲ್ಲವಲ್ಲ ಎನ್ನಬೇಡಿ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲ 1994ರಲ್ಲಿ ಹೊರಬಂತು. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಇಂಥದೇ ಇನ್ನೊಂದು ಪರೀಕ್ಷೆಯನ್ನು ಇದೇ ಕಾರಣಕ್ಕೆ 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬೀಡಿ ಸೇದುವ ನಮ್ಮ ಹಿರಿಯರು ಇದನ್ನು ಕಿವಿಗೊಟ್ಟು ಕೇಳಬೇಕು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಜೊತೆಗೆ ವಿಟಮಿನ್ ಇ ಅನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ ರಕ್ತಸ್ರಾವದ ಭಯವಿದೆ. ಜರ್ಮನಿಯಲ್ಲಿ 2009ರಲ್ಲಿ ಸುಮಾರು 40 ತರುಣರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ವ್ಯಾಯಾಮದಿಂದ ಇನ್ಸುಲಿನ್ನಿಗೆ ಆಗಬೇಕಾದ ಅನುಕೂಲ, ಸಿ ಮತ್ತು ಇ ಗುಳಿಗೆ ನುಂಗಿದವರಲ್ಲಿ ಕಾಣಲೇ ಇಲ್ಲ. ಬೇರೆ ಕೆಲವು ಪರೀಕ್ಷೆಗಳಲ್ಲಿ ಹೀಗಾಗಿಲ್ಲ ಎಂಬುದನ್ನೂ ಹೇಳಬೇಕು. ಸಕ್ಕರೆ ರೋಗವಿಲ್ಲದ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಬಾವು ಬಂದ ಕೆಲವರಿಗೆ ತಜ್ಞರು ವಿಟಮಿನ್ ಇ ಬರೆದುಕೊಡುವುದೂ ಉಂಟು. ಅದು ಪರೀಕ್ಷಿಸಿ ಕೊಡುವ ಮಾತು, ಕಟ್ಟೆಯ ಮೇಲೆ ಮಾರುವ ಮಾತಲ್ಲ.

ಮನೆಯಲ್ಲಿ ಅಂಥ ಡಬ್ಬಿ ಇದ್ದರೆ ತಿರುಗಿಸಿ ನೋಡಿ. ‘ಔಷಧವಾಗಿ ಬಳಸುವುದಕ್ಕಲ್ಲ’ ಎಂಬ ಅರ್ಥದ ಒಂದು ಸಾಲು ಇರಲೇಬೇಕು ಎಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಸಾಲು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಎರಡು ಭಾಷೆ ಬಲ್ಲ ನಮಗೆ ಬೇಕಾದ ಸಾಲು ಮೂರನೆಯ ಭಾಷೆಯಲ್ಲಿ! ಶಾಲೆಗೆ ಹೋಗುವ ಮೊಮ್ಮಗಳಿಂದ ಓದಿಸಿರಿ. ಆಮೇಲೆ ಆ ಹುಡುಗ ಬಂದಾಗ ಅವನಿಂದಲೂ ಗಟ್ಟಿಯಾಗಿ ಓದಿಸಿರಿ.

ಹಾಗಾದರೆ ಗುಣ ಬರುವುದು ಯಾವುದರಿಂದ? ಇದಕ್ಕೆ ನಮ್ಮ ದೇಶದ್ದೇ ಪುರಾವೆಯಿದೆ. ಚೆನ್ನೈನ ಡಾಕ್ಟರ್ ಎ. ರಾಮಚಂದ್ರನ್ ಅವರ ತಂಡ, ಸಕ್ಕರೆ ರೋಗದ ಹೊಸ್ತಿಲಲ್ಲಿದ್ದ 531 ಜನರನ್ನು ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ವಿಶೇಷ ಸಲಹೆಯಿಲ್ಲದೆ ಇದ್ದವರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿಗೆ ಸಕ್ಕರೆ ರೋಗ ಬಂತು. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಲು, ಊಟದಲ್ಲಿ ಸಕ್ಕರೆ, ಎಣ್ಣೆ ಕಡಿಮೆ ಮಾಡಲು, ನಾರು ಹೆಚ್ಚಿಸಲು ಹೇಳಿಸಿಕೊಂಡವರಲ್ಲಿ ಸುಮಾರು 39 ಮಂದಿಗೆ ಮಾತ್ರ. ಯಾವ ಡಬ್ಬಿಯವನೂ ಇಂಥ ಲೆಕ್ಕ ತೋರಿಸಲಾರ.

ನಮ್ಮ ಕಡೆಯ ಊಟದಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇತ್ತು, ಈಗಲೂ ಇದೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಮೆಂತೆ, ರಾಜಗಿರಿ, ಹೊಲದ ಬದುವಿನಿಂದ ಕಿತ್ತು ಹಸಿಯಾಗಿಯೇ ತಿನ್ನುವ ಹಕ್ಕರಕಿ, ನುಗ್ಗೆಕಾಯಿ, ನೆಲ್ಲಿಕಾಯಿ. ವಿಟಮಿನ್ ಇ ಶೇಂಗಾದಲ್ಲೇ ಇದೆ. ಆದರೆ ಚಟ್ನಿಯ ಮೇಲೆ ಎಣ್ಣೆ ಹೊಳೆಯಾಗಿ ಹರಿಯಬೇಕಾಗಿಲ್ಲ, ಶೇಂಗಾ ಹೋಳಿಗೆ ಹಬ್ಬಕ್ಕಿರಲಿ. ರೊಟ್ಟಿ ಒಂದು ಕಡಿಮೆಯಾಗಿ ಪಲ್ಲೆ ಇಮ್ಮಡಿಯಾದರೆ ಸಾಕು. ಸಕ್ಕರೆಯ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಮಾತ್ರ ಊಟವನ್ನು ಒಮ್ಮೆಲೇ ಇಳಿಸಬಾರದು. ಸಕ್ಕರೆ ತೀರ ಇಳಿದು ತಲೆ ತಿರುಗಿ ಬೀಳುವ ಸಂಭವವಿದೆ. ವೈದ್ಯರಿಗೆ ಹೇಳಿ, ನಿಧಾನವಾಗಿ ಬದಲಿಸಿರಿ.

ಡಬ್ಬಿಯನ್ನು ನಂಬಿ ದವಾಖಾನೆಯ ಗುಳಿಗೆ ಬಿಟ್ಟವರು ನಾಳೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಸಕ್ಕರೆ, ರಕ್ತದೊತ್ತಡ ನೋಡಿಸಿಕೊಳ್ಳಿರಿ. ಹೋಗುವಾಗ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿರಿ.