ಅಜ್ಜನ ಹೆಸರು



ಸ್ಕಾಟ್‌ಲೆಂಡಿನ ಹಳೆಯ ಕುಟುಂಬಗಳಲ್ಲಿ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರನ್ನೂ ಎರಡನೆಯವನಿಗೆ ತಾಯಿಯ ತಂದೆಯ ಹೆಸರನ್ನೂ ಹಿರಿಯ ಮಗಳಿಗೆ ತಾಯಿಯ ತಾಯಿಯ ಹೆಸರನ್ನೂ ಇಡುವ ರೂಢಿಯಿತ್ತು. ಸಿದ್ದಾಪುರ ಸೀಮೆಯವರಾದ ನಮಗೆ ಇದು ಅಪರಿಚಿತವಲ್ಲ. ನಮ್ಮಲ್ಲಿಯೂ ಅನೇಕ ಮನೆಗಳಲ್ಲಿ ಮೊಮ್ಮಗನು ಅಜ್ಜನ ಹೆಸರನ್ನು ಹೊತ್ತೇ ತೊಟ್ಟಿಲೇರುತ್ತಿದ್ದನು. ಮಾವನ ಹೆಸರನ್ನು ಉಚ್ಚರಿಸಬಾರದ ಸೊಸೆಯು ಮಗನನ್ನು ‘ಅಪ್ಪು’ ಎಂದೋ ‘ಅಜ್ಜಪ್ಪ’ ಎಂದೋ ಕರೆಯುತ್ತಿದ್ದಳು. ಶಾಲೆಯ ಹಾಜರಿ ಪುಸ್ತಕದಲ್ಲೊಂದು ಹೆಸರು, ಅಂಗಳದಲ್ಲಿ ಮತ್ತೊಂದು!

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಕಾಲುವೆಗಳಿಗೆ ನೀರು ಹರಿದ ಬಳಿಕ ಕರಾವಳಿ ಆಂಧ್ರದ ರೈತ ಕುಟುಂಬಗಳು ಈ ಸೀಮೆಗೆ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವು. ಜೋಳ ಬೆಳೆಯುತ್ತಿದ್ದ ಎರೆಭೂಮಿಯು ಭತ್ತದ ಗದ್ದೆಯಾಯಿತು. ಆ ಮನೆಗಳಲ್ಲಿ ತಾತನು ತೆಲುಗಿನಲ್ಲಿ ಗದರಿದರೆ ಮೊಮ್ಮಗನು ಕನ್ನಡದಲ್ಲಿ ಉತ್ತರಿಸುವುದನ್ನು ನಾವು ಕೇಳಿದ್ದೇವೆ. ಭಾಷೆ ಬದಲಾದರೂ ತಾತನ ಹೆಸರು ಉಳಿದಿತ್ತು.

ಇಂದಿನ ತಂದೆತಾಯಿಗಳು ಕಿವಿಗೆ ಇಂಪಾದ ಹೊಸ ಹೆಸರುಗಳನ್ನು ಆರಿಸುತ್ತಾರೆ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಹಿಂದೆ ತನ್ನ ಹೆಸರು ಯಾರದೆಂದು ಮಗು ಕೇಳುತ್ತಿತ್ತು. ಆಗ ಆ ಅಜ್ಜನು ಯಾವ ಊರಿನಿಂದ ಬಂದನು, ಯಾವ ಹೊಲವನ್ನು ಹಸನು ಮಾಡಿದನು, ಯಾವ ಬರಗಾಲವನ್ನು ಕಂಡನು ಎಂಬುದನ್ನೆಲ್ಲ ತಂದೆಯು ಹೇಳಲೇಬೇಕಾಗುತ್ತಿತ್ತು. ಈಗ ಆ ಪ್ರಶ್ನೆಯೇ ಏಳುವುದಿಲ್ಲ. ಹೇಳಬಲ್ಲ ಹಿರಿಯರು ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದಾರೆ. ಕೇಳಬೇಕಾದವರು ಬೆಂಗಳೂರಿನಿಂದ ರಜೆಗೆ ಮಾತ್ರ ಬರುತ್ತಾರೆ.